ಭೂಕುಸಿತ ಮತ್ತು ಉಪಗ್ರಹ ರಾಡಾರ್: ಜೋಶಿಮಠದ ಪಾಠ

ಚಲಿಸದಿರುವುದೆಂಬ ಅರ್ಥದಲ್ಲಿ ನಮ್ಮ ಪೂರ್ವಿಕರು ಪರ್ವತಕ್ಕೆ ‘ಅಚಲ’ವೆಂಬ ಹೆಸರನ್ನಿತ್ತರು. ವಸ್ತುಸ್ಥಿತಿಯಾದರೋ ಬೇರೆ. ಎಷ್ಟೋ ಪರ್ವತಗಳ ಇಳಿಜಾರುಗಳು ವರ್ಷಕ್ಕೆ ಕೆಲವೇ ಮಿಲಿಮೀಟರುಗಳಷ್ಟೋ ಹಲವು ಸೆಂಟಿಮೀಟರುಗಳಷ್ಟೋ ಕೆಳಕ್ಕೆ ಸರಿಯುತ್ತಲೇ ಇರುತ್ತವೆ. ಕಣ್ಣಿಗೆ ಕಾಣದ ಈ ಮಂದಗತಿಯನ್ನು ಬಾಹ್ಯಾಕಾಶದಿಂದ ಅಳೆಯುವ ವಿದ್ಯೆಯು ಕಳೆದ ಅರ್ಧ ಶತಮಾನದಲ್ಲಿ ರೂಪುಗೊಂಡಿತು. ಆದರೆ ಅಳತೆಯೊಂದರಿಂದಲೇ ಊರು ಉಳಿಯುವುದೇ ಎಂಬ ಪ್ರಶ್ನೆಗೆ ಹಿಮಾಲಯದ ಜೋಶಿಮಠದ ಇತಿಹಾಸವು ಉತ್ತರ ಕೊಡುತ್ತದೆ.

ಜೋಶಿಮಠವು ಶಂಕರಾಚಾರ್ಯರ ನಾಲ್ಕು ಆಮ್ನಾಯ ಪೀಠಗಳಲ್ಲೊಂದಾದ ಜ್ಯೋತಿರ್ಮಠದ ನೆಲೆ. ಆ ಸಂಬಂಧದಿಂದ ಶೃಂಗೇರಿಗೆ ಸೋದರಸ್ಥಾನ. ಈ ಪಟ್ಟಣವು ಉತ್ತರ ಪ್ರದೇಶಕ್ಕೆ ಸೇರಿದ್ದ ಕಾಲದಲ್ಲೇ ಅಲ್ಲಿನ ನೆಲ ಕುಸಿಯತೊಡಗಿತ್ತು. ಅದರ ಕಾರಣವನ್ನು ಅರಿಯಲು ಗಢವಾಲಿನ ಕಮಿಷನರ್ ಎಂ. ಸಿ. ಮಿಶ್ರ ಅವರ ಅಧ್ಯಕ್ಷತೆಯಲ್ಲಿ ಸರ್ಕಾರವು ಒಂದು ಸಮಿತಿಯನ್ನು ನೇಮಿಸಿತು. ಊರು ನಿಂತಿರುವುದು ಗಟ್ಟಿಯಾದ ತಳಬಂಡೆಯ ಮೇಲಲ್ಲ, ಹಿಂದೊಮ್ಮೆ ಕುಸಿದುಬಂದ ಮರಳು ಮತ್ತು ಕಲ್ಲುಗಳ ರಾಶಿಯ ಮೇಲೆ ಎಂದು ಸಮಿತಿಯು 1976ರಲ್ಲಿ ಸ್ಪಷ್ಟಪಡಿಸಿತು. ಭಾರಿ ಕಟ್ಟಡಗಳನ್ನು ಕಟ್ಟಬಾರದು, ಅಗೆದೋ ಸಿಡಿಮದ್ದಿಟ್ಟೋ ಬಂಡೆಗಳನ್ನು ತೆಗೆಯಬಾರದು, ಗಿಡಮರಗಳನ್ನು ಬೆಳೆಸಬೇಕು ಎಂಬುವು ಅದರ ಸೂಚನೆಗಳಲ್ಲಿ ಮುಖ್ಯವಾದುವು. ಇಷ್ಟನ್ನು ತಿಳಿಯಲು ಅಂದು ಯಾವ ಉಪಗ್ರಹವೂ ಬೇಕಾಗಿರಲಿಲ್ಲ.

ಅದಾದ ಎರಡು ವರ್ಷಗಳಿಗೆ, 1978ರಲ್ಲಿ, ಅಮೆರಿಕದ ಸೀಸ್ಯಾಟ್ ಉಪಗ್ರಹವು ರಾಡಾರನ್ನು ಹೊತ್ತು ಮೇಲೇರಿತು. ನೂರಕ್ಕೆ ಸ್ವಲ್ಪವೇ ಮಿಕ್ಕ ದಿನಗಳು ಮಾತ್ರ ಕೆಲಸ ಮಾಡಿದರೂ ಅದರ ಚಿತ್ರಗಳು ವ್ಯರ್ಥವಾಗಲಿಲ್ಲ. ಗೇಬ್ರಿಯಲ್, ಗೋಲ್ಡ್‌ಸ್ಟೈನ್ ಮತ್ತು ಜೆಬ್ಕರ್ ಎಂಬ ವಿಜ್ಞಾನಿಗಳು ಅವುಗಳನ್ನು ಹೋಲಿಸಿ, ಕ್ಯಾಲಿಫೋರ್ನಿಯಾದ ಹೊಲಗಳಲ್ಲಿ ನೀರುಂಡ ಮಣ್ಣು ಉಬ್ಬಿದ್ದುದನ್ನು ಸೆಂಟಿಮೀಟರುಗಳ ಲೆಕ್ಕದಲ್ಲಿ ಗುರುತಿಸಬಹುದೆಂದು 1989ರಲ್ಲಿ ತೋರಿಸಿದರು.

ಈ ವಿಧಾನದ ತಿರುಳು ಸರಳವಾದುದು. ರಾಡಾರ್ ತಾನೇ ಅಲೆಗಳನ್ನು ಕಳುಹಿಸಿ ಅವುಗಳ ಮರುದನಿಯನ್ನು ಹಿಡಿಯುವುದರಿಂದ ಅದಕ್ಕೆ ಇರುಳೂ ಮೋಡವೂ ಅಡ್ಡಿಯಲ್ಲ. ಉಪಗ್ರಹವು ಹೆಚ್ಚುಕಡಿಮೆ ಒಂದೇ ಪಥದಿಂದ ಒಂದೇ ನೆಲವನ್ನು ಎರಡು ಬಾರಿ ನೋಡುತ್ತದೆ. ಅಲೆಯ ಉದ್ದ 5.6 ಸೆಂ.ಮೀ. ಆಗಿದ್ದು, ನೆಲವು ಉಪಗ್ರಹದ ದೃಷ್ಟಿರೇಖೆಯಲ್ಲಿ 2.8 ಸೆಂ.ಮೀ. ಸರಿದರೆ, ಹೋಗಿಬರುವ ದಾರಿಯು ಒಂದು ಪೂರ್ಣ ಅಲೆಯಷ್ಟು ಬದಲಾಗುತ್ತದೆ. ಎರಡು ನೋಟಗಳ ಅಲೆಗಳನ್ನು ಒಂದರೊಡನೊಂದು ತಾಳೆನೋಡಿ ಈ ವ್ಯತ್ಯಾಸವನ್ನು ಕಂಡುಹಿಡಿಯುವುದೇ ರಾಡಾರ್ ವ್ಯತಿಕರಣ ಮಾಪನ.

1991ರಲ್ಲಿ ಯೂರೋಪಿನ ಇಆರ್‌ಎಸ್-1 ಉಪಗ್ರಹವು ಮೇಲೇರಿದ ಬಳಿಕ ಈ ವಿದ್ಯೆ ಪರ್ವತಗಳನ್ನು ಮುಟ್ಟಿತು. ಫ್ರಾನ್ಸಿನ ಆಲ್ಪ್ಸ್ ಪರ್ವತದ ಲಾ ಕ್ಲಾಪಿಯೇರ್ ಎಂಬ ಬೃಹತ್ ಇಳಿಜಾರಿನ ಸರಿತವನ್ನು ಆ ಉಪಗ್ರಹದ ಚಿತ್ರಗಳಿಂದ ಅಳೆದ ಅಧ್ಯಯನವು 1996ರಲ್ಲಿ ಪ್ರಕಟವಾಯಿತು. 2014ರಲ್ಲಿ ಆರಂಭವಾದ ಸೆಂಟಿನೆಲ್-1 ಉಪಗ್ರಹಮಾಲೆಯು ತನ್ನ ಮಾಹಿತಿಯನ್ನು ಎಲ್ಲರಿಗೂ ಉಚಿತವಾಗಿ ತೆರೆದಿಟ್ಟಿತು. ಆದರೂ 2017ರ ಜೂನ್ 24ರಂದು ಚೀನದ ಸಿಚುವಾನಿನ ಶಿನ್ಮೋ ಗ್ರಾಮವು ಬೆಟ್ಟದಡಿ ಹೂತುಹೋಯಿತು. ಬೆಟ್ಟವು ಮೊದಲೇ ಸರಿಯುತ್ತಿದ್ದ ಸುಳಿವು ಅದೇ ಮಾಹಿತಿಯಲ್ಲಿ ಅಡಗಿದ್ದುದು ಅನಂತರದ ಪರಿಶೀಲನೆಯಲ್ಲಷ್ಟೇ ಗೊತ್ತಾಯಿತು.

ಜೋಶಿಮಠದಲ್ಲಿ ನಡೆದುದೂ ಇದಕ್ಕಿಂತ ಬಹಳ ಭಿನ್ನವಲ್ಲ. ಮಿಶ್ರ ಸಮಿತಿಯ ಎಚ್ಚರಿಕೆಯ ಬಳಿಕವೂ ಅಲ್ಲಿ ಕಟ್ಟಡಗಳು ಏಳುತ್ತಲೇ ಹೋದುವು. 2023ರ ಜನವರಿಯಲ್ಲಿ ಎಂಟು ನೂರಕ್ಕೂ ಹೆಚ್ಚು ಕಟ್ಟಡಗಳಲ್ಲಿ ಬಿರುಕುಗಳು ಕಂಡುಬಂದು, ಕುಟುಂಬಗಳು ಮನೆ ತೊರೆಯಬೇಕಾಯಿತು. ಆಗ ಹೈದರಾಬಾದಿನ ರಾಷ್ಟ್ರೀಯ ದೂರಸಂವೇದಿ ಕೇಂದ್ರವು ಉಪಗ್ರಹ ಮಾಹಿತಿಯನ್ನು ಆಧರಿಸಿ ಪ್ರಾಥಮಿಕ ವರದಿಯೊಂದನ್ನು ಹೊರಡಿಸಿತು. 2022ರ ಏಪ್ರಿಲಿನಿಂದ ನವೆಂಬರಿನವರೆಗೆ ನೆಲವು ಸುಮಾರು 9 ಸೆಂ.ಮೀ. ತಗ್ಗಿತ್ತು; ಡಿಸೆಂಬರ್ 27ರಿಂದ ಜನವರಿ 8ರವರೆಗಿನ ಹನ್ನೆರಡೇ ದಿನಗಳಲ್ಲಿ ಮತ್ತೆ 5.4 ಸೆಂ.ಮೀ. ತಗ್ಗಿತ್ತು. ಕೆಲವೇ ದಿನಗಳಲ್ಲಿ ಆ ವರದಿಯನ್ನು ಅಂತರ್ಜಾಲದಿಂದ ತೆಗೆಯಲಾಯಿತು. ಅನುಮತಿಯಿಲ್ಲದೆ ಈ ವಿಷಯದಲ್ಲಿ ಮಾಧ್ಯಮಗಳೊಡನೆ ಮಾತನಾಡಬಾರದೆಂದು ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರವು ಸಂಸ್ಥೆಗಳಿಗೆ ತಿಳಿಸಿತು. ಗಾಬರಿ ಹರಡಬಾರದೆಂಬುದು ಅದರ ಆಶಯ. ಆದರೆ ತಮ್ಮ ಕಾಲಕೆಳಗಿನ ನೆಲದ ಅಳತೆಯನ್ನು ತಿಳಿಯುವ ಹಕ್ಕು ಮೊದಲು ಅಲ್ಲಿನ ನಿವಾಸಿಗಳಿಗೇ ಸೇರಿದುದಲ್ಲವೆ?

ರಾಡಾರಿಗೂ ಮಿತಿಗಳುಂಟು. ಕಡಿದಾದ ಕಣಿವೆಗಳಲ್ಲಿ ಅದರ ನೋಟಕ್ಕೆ ನೆರಳು ಬೀಳುತ್ತದೆ. ದಟ್ಟ ಕಾಡಿನ ಎಲೆಗಳು ಕಿರಿಯ ಅಲೆಗಳನ್ನು ಚೆದರಿಸುತ್ತವೆ. 2018ರಲ್ಲಿ ಕೊಡಗಿನಲ್ಲಿಯೂ 2024ರ ಜುಲೈ 16ರಂದು ಅಂಕೋಲೆಯ ಶಿರೂರಿನಲ್ಲಿಯೂ ಆದಂತೆ, ಮಳೆಯಲ್ಲಿ ನೆನೆದ ಮಣ್ಣು ಒಮ್ಮೆಲೇ ಜಾರುವೆಡೆ ಹಲವು ದಿನಗಳಿಗೊಮ್ಮೆ ಹಾಯುವ ಉಪಗ್ರಹವೊಂದನ್ನೇ ನೆಚ್ಚುವಂತಿಲ್ಲ. ಅಲ್ಲಿ ಮಳೆಯ ಅಳತೆಯೂ ಇಳಿಜಾರನ್ನು ಕಡಿಯುವವರ ವಿವೇಕವೂ ಬೇಕು. 2025ರ ಜುಲೈ 30ರಂದು ಶ್ರೀಹರಿಕೋಟೆಯಿಂದ ಹಾರಿದ ಭಾರತ–ಅಮೆರಿಕಗಳ ‘ನೈಸಾರ್’ ಉಪಗ್ರಹದ 24 ಸೆಂ.ಮೀ. ಉದ್ದದ ಅಲೆಗಳು ಕಾಡಿನ ಮರೆಯನ್ನು ಬಹುಮಟ್ಟಿಗೆ ದಾಟಬಲ್ಲುವು.

ಹೀಗೆ ಕಾಣುವ ಶಕ್ತಿ ಹೆಚ್ಚುತ್ತಲೇ ಇದೆ. ಆದರೆ 1976ರ ವರದಿ ಕಡತದಲ್ಲಿ ಉಳಿಯಿತು, 2023ರ ವರದಿ ಕಣ್ಮರೆಯಾಯಿತು. ಇವೆರಡರ ನಡುವಿನ 47 ವರ್ಷಗಳಲ್ಲಿ ಕೊರತೆಯಾದುದು ಅರಿವಲ್ಲ, ಅರಿತುದನ್ನು ಆಚರಣೆಗೆ ತರುವ ಮನಸ್ಸು. ಉಪಗ್ರಹವು ಬೆಟ್ಟದ ನಡೆಯನ್ನು ಅಳೆದು ಕೊಡಬಲ್ಲುದು. ಬೆಟ್ಟದಡಿಯ ಜನರಿಗೆ ಅದನ್ನು ಹೊತ್ತಿಗೆ ಸರಿಯಾಗಿ ಮುಟ್ಟಿಸುವ ಹೊಣೆ ಮನುಷ್ಯನದೇ.