ನೆಲದಡಿಯ ಬೆಂಕಿ: ಒಂದು ಬೆಚ್ಚನೆಯ ಕಟ್ಟೆಯ ನೆನಪು

ಕಳೆದ ಮಾಗಿಯಲ್ಲಿ, ಜರ್ಮನಿಯಲ್ಲಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ದೂರವಾಣಿ ಮಾಡಿದ್ದ. ಕ್ಷೇಮ ಸಮಾಚಾರಗಳಾದ ಮೇಲೆ, "ಸರ್, ನಮ್ಮ ಮನೆಯ ನೆಲದೊಳಗೆ ಬಿಸಿನೀರಿನ ಕೊಳವೆಗಳಿವೆ. ಒಂದು ಕೋಣೆಯ ನೆಲ ಮಾತ್ರ ಎಷ್ಟು ಹೊತ್ತಾದರೂ ಬೆಚ್ಚಗಾಗುತ್ತಿಲ್ಲ" ಎಂದ. ಇತಿಹಾಸ ಬೋಧಿಸಿ ನಿವೃತ್ತನಾದ ನನಗೆ ಕೊಳವೆಗಳ ದುರಸ್ತಿ ಏನು ತಿಳಿದೀತು? ಆದರೂ, "ಬೆಂಕಿಯನ್ನು ಬೈಯಬೇಡ, ಹಾದಿ ಎಲ್ಲಿ ಕಟ್ಟಿದೆ ನೋಡು" ಎಂದುಬಿಟ್ಟೆ. ಆ ಮಾತು ನನ್ನದಲ್ಲ. ಇಂದೂರಿನ ವೃದ್ಧ ಗೌಂಡಿಯೊಬ್ಬರದು.

ನಮ್ಮ ಹಳೆಯ ಮನೆಯ ಬಚ್ಚಲಿನಲ್ಲಿ ಎಲ್ಲರ ಮನೆಗಳಂತೆ ತಾಮ್ರದ ಹಂಡೆ, ಅದರಡಿ ಒಲೆ ಇದ್ದವು. ಆದರೆ ಹೊಗೆಯ ಹಾದಿ ನೇರವಾಗಿ ಗೋಡೆಯಲ್ಲಿ ಏರುತ್ತಿರಲಿಲ್ಲ. ಪಕ್ಕದ ಕೋಣೆಯ ಕಟ್ಟೆಯೊಳಗಿಂದ ಹಾದು, ಆ ತುದಿಯಲ್ಲಿ ಚಿಮಣಿಯನ್ನು ಸೇರುತ್ತಿತ್ತು. ಅಜ್ಜನ ಕಾಲದಲ್ಲಿ ಯಾರಿಗೆ ಈ ಉಪಾಯ ಹೊಳೆಯಿತೋ! ಚಳಿಗಾಲದಲ್ಲಿ ಅವ್ವನಿಗೆ ಆ ಕಟ್ಟೆಯೇ ಹಾಸಿಗೆ.

1987ರ ಜನವರಿಯ ಒಂದು ರಾತ್ರಿ ಚಳಿ ಹೆಚ್ಚಾಗಿದ್ದುದರಿಂದ, ಅವ್ವ ಕಿಟಕಿಯ ಸಂದಿಗೂ ಬಟ್ಟೆ ತುರುಕಿ, ಬಾಗಿಲು ಹಾಕಿಕೊಂಡು ಮಲಗಿದಳು. ಬೆಳಗಿನ ಜಾವ ಎಬ್ಬಿಸಲು ಹೋದರೆ ತೊದಲು ಮಾತು. ಎದ್ದು ನಿಲ್ಲಲು ಕಾಲು ಬಾರದು. ಎತ್ತಿ ಅಂಗಳಕ್ಕೆ ತಂದೆವು. ತಂಗಾಳಿಯಲ್ಲಿ ಬಹಳ ಹೊತ್ತಿನ ಮೇಲೆ ಚೇತರಿಸಿಕೊಂಡಳು. ವಯಸ್ಸಾಯಿತು ಎಂದರು ಕೆಲವರು. ಪಿತ್ತ ಎಂದರು ಕೆಲವರು. ಹಲವು ದಿನಗಳಿಂದ ಒಲೆ ಸರಿಯಾಗಿ ಉರಿಯುತ್ತಿರಲಿಲ್ಲ. ನಾವು ಹಸಿ ಕಟ್ಟಿಗೆಯನ್ನು ದೂರುತ್ತಿದ್ದೆವೇ ಹೊರತು ಅದನ್ನೂ ಇದನ್ನೂ ಜೋಡಿಸಿ ನೋಡಿರಲಿಲ್ಲ.

ಗೌಂಡಿ ಬಂದವರು ಒಲೆಯನ್ನು ಮುಟ್ಟಲೇ ಇಲ್ಲ. ಕಟ್ಟೆಯ ಮೇಲೆ ಕೈಯಾಡಿಸಿದರು. ಒಲೆಯ ಕಡೆ ಸುಡುತ್ತಿತ್ತು, ಚಿಮಣಿಯ ಕಡೆ ತಣ್ಣಗಿತ್ತು. "ಮಾಸ್ತರ್ರ, ಬೆಂಕೀನ ಬೈಬ್ಯಾಡ್ರಿ. ಹಾದಿ ಎಲ್ಲಿ ಕಟ್ಟೈತಿ ನೋಡೂಣು" ಎಂದು ತಿರುವಿನ ಬಳಿಯ ಕಲ್ಲು ಎಬ್ಬಿಸಿದರು. ಒಳಗೆ ಬೂದಿ, ಮಸಿ ಗಟ್ಟಿಯಾಗಿ ಕೂತಿದ್ದವು. ಮುಂದೆ ಹೋಗಲಾರದ ಹೊಗೆ ಕಟ್ಟೆಯ ಮೇಲಿನ ಕೂದಲೆಳೆಯಂಥ ಬಿರುಕಿನಿಂದ ಕೋಣೆಗೆ ಬರುತ್ತಿತ್ತು. ಹೊಗೆಯಾದರೂ ಕಣ್ಣಿಗೆ ಕಾಣುತ್ತದೆ. ರಾತ್ರಿ ಉರಿ ಆರಿದ ಮೇಲೆ ಕೆಂಡದಿಂದ ಬರುವ ಇಂಗಾಲದ ಮಾನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ರಕ್ತದ ಹಿಮೋಗ್ಲೋಬಿನ್ನಿಗೆ ಅದು ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಲವಾಗಿ ಅಂಟಿಕೊಳ್ಳುತ್ತದೆ.

ಆಮೇಲೆ ನೆಲದಡಿಯ ಬೆಂಕಿಯ ಚರಿತ್ರೆ ಓದಿದಾಗಲೆಲ್ಲ ನನಗೆ ಈ ಎರಡು ದೋಷಗಳೇ ಎದುರಾದವು: ಹಾದಿ ಕಟ್ಟುವುದು, ಹಾದಿ ಸೋರುವುದು. ರೋಮನ್ನರು ತಮ್ಮ ಸ್ನಾನಗೃಹಗಳ ನೆಲವನ್ನು ಇಟ್ಟಿಗೆಯ ಗಿಡ್ಡ ಕಂಬಗಳ ಮೇಲೆ ನಿಲ್ಲಿಸಿ, ಅಡಿಯಲ್ಲಿ ಬಿಸಿಗಾಳಿ ಹಾಯಿಸುತ್ತಿದ್ದರು. ಕ್ರಿಸ್ತಪೂರ್ವ 1ನೆಯ ಶತಮಾನದ ವಾಸ್ತುಶಿಲ್ಪಿ ವಿಟ್ರುವಿಯಸ್ ತನ್ನ ಗ್ರಂಥದಲ್ಲಿ, ಕಂಬಗಳು ಎರಡು ಅಡಿ ಎತ್ತರವಿರಲಿ, ತಳವು ಒಲೆಯ ಬಾಯಿಯ ಕಡೆಗೆ ಇಳಿಜಾರಾಗಿರಲಿ ಎನ್ನುತ್ತಾನೆ. ಒಳಗೆ ಚೆಂಡು ಎಸೆದರೆ ಅದು ತಾನಾಗಿ ಉರುಳಿ ಬಾಯಿಗೇ ಮರಳಬೇಕು. ಹಾಗಿದ್ದರೆ ಉರಿ ಸರಾಗವಾಗಿ ಒಳಗೆಲ್ಲ ಹಬ್ಬುತ್ತದೆ ಎಂಬುದು ಅವನ ಲೆಕ್ಕ. ಅವನ ಕಾಳಜಿಯೂ ನಮ್ಮ ಗೌಂಡಿಯ ಕಾಳಜಿಯೂ ಒಂದೇ: ಹಾದಿ.

ಕೊರಿಯದ 'ಒಂಡೋಲ್' ಪದ್ಧತಿ ನಮ್ಮ ಕಟ್ಟೆಯ ಹತ್ತಿರದ ನೆಂಟ. ಅಡುಗೆಮನೆಯ ಒಲೆಯ ಹೊಗೆ ಕೋಣೆಯ ಚಪ್ಪಡಿಗಳ ಕೆಳಗೆ ಹರಿದು ಚಿಮಣಿ ಸೇರುತ್ತದೆ. ಚಪ್ಪಡಿಯ ಮೇಲೆ ಮಣ್ಣು, ಅದರ ಮೇಲೆ ಎಣ್ಣೆ ಹಚ್ಚಿದ ಕಾಗದ. ಒಲೆಯ ಕಡೆಯ ಬೆಚ್ಚನೆಯ ಜಾಗ ಹಿರಿಯರಿಗೆ, ಅತಿಥಿಗಳಿಗೆ ಮೀಸಲು. 1950ರ ದಶಕದ ಯುದ್ಧಾನಂತರ ಅಲ್ಲಿ ಕಟ್ಟಿಗೆಯ ಬದಲು ಕಲ್ಲಿದ್ದಲ ಪುಡಿಯ ಬಿಲ್ಲೆಗಳು ವ್ಯಾಪಕವಾಗಿ ಬಂದವು. ರಾತ್ರಿಯಿಡೀ ಮೆಲ್ಲಗೆ ಉರಿಯುವ ಆ ಬಿಲ್ಲೆಗಳ ವಿಷಾನಿಲ ನೆಲದ ಬಿರುಕುಗಳಿಂದ ನುಸುಳಿ, ನಿದ್ದೆಯಲ್ಲಿದ್ದ ಎಷ್ಟೋ ಕುಟುಂಬಗಳನ್ನು ಬಲಿ ತೆಗೆದುಕೊಂಡಿತು. ಅದನ್ನು ಓದಿದ ದಿನ ನನಗೆ ನಿದ್ದೆ ಬರಲಿಲ್ಲ. ಅವ್ವ ಉಳಿದದ್ದು ಒಂದೆರಡು ಗಂಟೆಗಳ ಅಂತರದಲ್ಲಿ.

ಹೊಗೆಯ ಬದಲು ನೀರನ್ನು ಹರಿಸುವುದು ಇದಕ್ಕೆ ಸಿಕ್ಕ ಪರಿಹಾರ. ಅಮೆರಿಕದ ವಾಸ್ತುಶಿಲ್ಪಿ ಫ್ರಾಂಕ್ ಲಾಯ್ಡ್ ರೈಟ್ ಜಪಾನಿನಲ್ಲಿ ಕೊರಿಯನ್ ಮಾದರಿಯ ಬೆಚ್ಚನೆಯ ಕೋಣೆಯೊಂದನ್ನು ಕಂಡು ಬೆರಗಾಗಿ, 1937ರ ಹೊತ್ತಿಗೆ ವಿಸ್ಕಾನ್ಸಿನ್ ರಾಜ್ಯದ ಜೇಕಬ್ಸ್ ಮನೆಯ ನೆಲದಡಿ ಕೊಳವೆಗಳನ್ನು ಹಾಸಿದ. ಕೊರಿಯದಲ್ಲಿಯೂ ಕ್ರಮೇಣ ಬಿಸಿನೀರಿನ ಕೊಳವೆಗಳೇ ಬಂದವು. ಬೆಂಕಿ ಮನುಷ್ಯ ಮಲಗುವ ಜಾಗದಿಂದ ದೂರವಾಯಿತು.

ನಮ್ಮ ನಾಡಿನಲ್ಲಿ ಒಲೆಯ ಹಾದಿಯ ಬಗ್ಗೆ ಶಾಸ್ತ್ರೀಯವಾಗಿ ಯೋಚಿಸಿದವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು. ಅಲ್ಲಿ 1974ರಲ್ಲಿ ಅಮೂಲ್ಯ ರೆಡ್ಡಿಯವರ ಮುಂದಾಳತ್ವದಲ್ಲಿ ಆರಂಭವಾದ 'ಅಸ್ತ್ರ' ಕೇಂದ್ರವು ಚಿಮಣಿಯುಳ್ಳ ಅಸ್ತ್ರ ಒಲೆಯನ್ನು ರೂಪಿಸಿತು. 1983ರ ಸೆಪ್ಟೆಂಬರಿನಲ್ಲಿ ಪಾಂಡುರಂಗ ಹೆಗಡೆಯವರ ನೇತೃತ್ವದಲ್ಲಿ ಶಿರಸಿ ಸೀಮೆಯ ಜನ ಮರಗಳನ್ನು ಅಪ್ಪಿಕೊಂಡದ್ದು ನಿಮಗೆಲ್ಲ ತಿಳಿದೇ ಇದೆ. ಕಟ್ಟಿಗೆ ಉಳಿಸುವ ಒಲೆಗಳನ್ನು ಮನೆಮನೆಗೆ ತಲುಪಿಸುವುದೂ ಆ ಚಳವಳಿಯ ಕೆಲಸವಾಗಿತ್ತು. ನಮ್ಮಲ್ಲಿಯೂ ಆ ಕಟ್ಟೆಯನ್ನು ಒಡೆದು, ಬೂದಿ ತೆಗೆಯಲು ಕಿಂಡಿಯಿಟ್ಟು, ನೇರ ಚಿಮಣಿ ಕಟ್ಟಿಸಿದೆವು. ಬೆಚ್ಚನೆಯ ಹಾಸಿಗೆ ಹೋಯಿತೆಂದು ಅವ್ವ ಕೆಲವು ದಿನ ಮುನಿಸಿಕೊಂಡಿದ್ದಳು.

ವಾರದ ಮೇಲೆ ಆ ಶಿಷ್ಯ ಮತ್ತೆ ಕರೆ ಮಾಡಿದ. ಕೊಳವೆಯೊಂದರಲ್ಲಿ ಗಾಳಿ ಸಿಕ್ಕಿಕೊಂಡಿತ್ತಂತೆ. ಉಳಿದ ಕವಲುಗಳನ್ನೆಲ್ಲ ಮುಚ್ಚಿ, ಅದೊಂದರಲ್ಲೇ ಗುಳ್ಳೆ ನಿಲ್ಲುವವರೆಗೆ ನೀರು ಹಾಯಿಸಿದಾಗ, ಕೆಲವು ಗಂಟೆಗಳಲ್ಲಿ ನೆಲ ಬೆಚ್ಚಗಾಯಿತಂತೆ. "ನೀವು ಹೇಳಿದ್ದು ಸರಿ ಸರ್, ಬಾಯ್ಲರಿನ ತಪ್ಪಲ್ಲ" ಎಂದ.

ಇಷ್ಟೆಲ್ಲ ಬರೆಯಲು ಕಾರಣವಿದೆ. ಹಂಡೆಗಳು ಮೂಲೆ ಸೇರಿ, ನಿಮ್ಮಲ್ಲಿ ಅನೇಕರ ಬಚ್ಚಲುಗಳಿಗೆ ಗ್ಯಾಸ್ ಗೀಜರ್ ಬಂದಿದೆ. ಗಾಳಿ ಸಾಲದೆ ಗ್ಯಾಸ್ ಅರೆಬರೆ ಉರಿದಾಗ ಹುಟ್ಟುವುದೂ ಅದೇ ಅನಿಲ. ಕಿಟಕಿ ಮುಚ್ಚಿದ ಸಣ್ಣ ಬಚ್ಚಲಿನಲ್ಲಿ ಅದನ್ನು ಉರಿಸಬೇಡಿರಿ. ಯಂತ್ರ ಬಚ್ಚಲಿನ ಹೊರಗಿರಲಿ, ಗಾಳಿಗೆ ಹಾದಿಯಿರಲಿ. ಸ್ನಾನಕ್ಕೆ ಹೋದವರು ತಡ ಮಾಡಿದರೆ ಬಾಗಿಲು ಬಡಿಯಲು ಸಂಕೋಚಪಡಬೇಡಿರಿ. ಅಂದು ನಾವು ಅವ್ವನನ್ನು ಎಬ್ಬಿಸಲು ಹೋಗದಿದ್ದರೆ ಅವಳ ಮುನಿಸನ್ನು ನೋಡುವ ಭಾಗ್ಯ ನಮಗೆ ಇರುತ್ತಿರಲಿಲ್ಲ.