ಜನವರಿ ಆರರ ರಜೆ

ಬೆಂಗಳೂರಿನ ಐಟಿ ಮಂದಿಗೆ ಹಾಸನ ಅಂದರೆ ಎರಡೇ ಫೋಟೊ. ಒಂದು ಬೇಲೂರು-ಹಳೇಬೀಡಿನ ಶಿಲಾಬಾಲಿಕೆ, ಇನ್ನೊಂದು ಹೇಮಾವತಿ ಹಿನ್ನೀರಲ್ಲಿ ಅರ್ಧ ಮುಳುಗಿ ನಿಂತ ಶೆಟ್ಟಿಹಳ್ಳಿ ಚರ್ಚು. ನಮ್ಮೂರು ಹಗರೆ. ಹಾಸನದಿಂದ ಬೇಲೂರಿಗೆ ಹೋಗುವಾಗ, ಹಳೇಬೀಡಿಗೆ ತಿರುಗುವ ಜಾಗ. ಎರಡೂ ಫೋಟೊಗೆ ಹೋಗೋರು ನಮ್ಮೂರಲ್ಲಿ ಟೀ ಕುಡಿದೇ ಹೋಗ್ತಾರೆ, ಆದರೆ ನಮ್ಮೂರಿನ ಫೋಟೊ ಯಾರೂ ತೆಗೆಯಲ್ಲ. ಆ ಬೇಜಾರು ಇವತ್ತು ಬೇಡ. ಇವತ್ತು ಹೇಳಬೇಕಾಗಿರೋದು ನಮ್ಮನೆ ಹೆಂಚಿನ ಕಥೆ. ಅದು ಶುರುವಾಗೋದು ಜರ್ಮನಿಯಲ್ಲಿ.

2019ರ ಡಿಸೆಂಬರ್. ನಾನು ಸ್ಟಟ್‌ಗಾರ್ಟಿನಲ್ಲಿ ಆನ್‌ಸೈಟ್ ಇದ್ದೆ. ಕ್ರಿಸ್‌ಮಸ್ ರಜೆಗೆ ಕ್ಲೈಂಟ್ ಕಡೆಯವರೆಲ್ಲ ಊರಿಗೆ ಹೋದರು. ಪ್ರೊಡಕ್ಷನ್ ಸಪೋರ್ಟಿಗೆ ಒಬ್ಬ ಬೇಕಲ್ಲ, ಮದುವೆಯಾಗದ ಇಂಡಿಯನ್ನು ಯಾರಿದ್ದಾನೆ ಅಂತ ನೋಡಿದರು, ನಾನು ಸಿಕ್ಕಿದೆ. 24ರ ಮಧ್ಯಾಹ್ನವೇ ಅಂಗಡಿಗಳು ಬಾಗಿಲು ಹಾಕಿದವು. 25 ಇಲ್ಲ, 26 ಇಲ್ಲ. ಅಕ್ಕಿ ಇತ್ತು, ತೊಗರಿಬೇಳೆ ಇತ್ತು, ಅವ್ವ ಕಟ್ಟಿಕೊಟ್ಟ ಸಾರಿನ ಪುಡಿ ತಳದಲ್ಲಿ ಎರಡು ಚಮಚ ಉಳಿದಿತ್ತು. ನಾಲ್ಕು ಗಂಟೆಗೇ ಕತ್ತಲು. ಬೀದಿಯಲ್ಲಿ ಒಂದು ನಾಯಿ ಸಹ ಬೊಗಳಲ್ಲ. ನಮ್ಮ ಕಡೆ ಹಬ್ಬ ಅಂದರೆ ಗದ್ದಲ. ಅಲ್ಲಿ ಹಬ್ಬ ಅಂದರೆ ಬಾಗಿಲು ಹಾಕಿಕೊಳ್ಳೋದು.

ಆ ರಾತ್ರಿ ಅಕ್ಕನಿಗೆ ಫೋನ್ ಮಾಡಿದೆ. ಅಕ್ಕನ ವಿಷಯ ಇಲ್ಲಿ ಹೇಳಲೇಬೇಕು. ಅವಳು ಮದುವೆಯಾಗಿದ್ದು ಮಂಗಳೂರಿನ ಕ್ರಿಶ್ಚಿಯನ್ ಹುಡುಗನನ್ನು. ರಿಜಿಸ್ಟರ್ ಮದುವೆ. ಅಪ್ಪ ಅವತ್ತು ಹೇಳಿದ್ದು ಒಂದೇ ಮಾತು, "ಈ ಹೊಸ್ತಿಲು ಇನ್ನು ಅವಳಿಗಿಲ್ಲ." ಆಗಲೇ ಏಳು ವರ್ಷ ಕಳೆದಿತ್ತು. ಗೌರಿ ಹಬ್ಬಕ್ಕೆ ಬಾಗಿನ ಹೋಗಲಿಲ್ಲ, ದೀಪಾವಳಿಗೆ ಕರೆ ಹೋಗಲಿಲ್ಲ. ನಾನು ಕದ್ದು ಫೋನ್ ಮಾಡುವ ತಮ್ಮನಾಗಿ ಆರಾಮಾಗಿದ್ದೆ. ಭಾವ ಫೋನ್ ತಗೊಂಡು ನಕ್ಕರು. "ಸ್ಟಟ್‌ಗಾರ್ಟಾ? ಅದು ನಮ್ಮ ಪಾದ್ರಿಗಳ ಸೀಮೆ ಮಾರಾಯ! ನಮ್ಮ ಅಜ್ಜನ ಅಜ್ಜನಿಗೆ ಓದು ಹೇಳಿಕೊಟ್ಟವರು ಆ ಕಡೆಯವರೇ. ಸುಮ್ಮನೆ ಕೂತಿದ್ದರೆ ಹುಡುಕಿ ನೋಡು."

ಸುಮ್ಮನೆ ಕೂತಿದ್ದೆ. ಹುಡುಕಿದೆ.

ಈಸ್ಟ್ ಇಂಡಿಯಾ ಕಂಪನಿಗೆ ಮೊದಲಿಂದಲೂ ಮಿಶನರಿಗಳ ಮೇಲೆ ಅನುಮಾನ. ವ್ಯಾಪಾರ ಕೆಡಿಸ್ತಾರೆ ಅನ್ನೋ ಭಯ. 1813ರಲ್ಲಿ ಇಂಗ್ಲೆಂಡಿನ ಪಾರ್ಲಿಮೆಂಟು ಬ್ರಿಟಿಷ್ ಮಿಶನರಿಗಳಿಗೆ ಬಾಗಿಲು ತೆಗೆಸಿತು, 1833ರ ಕಾಯ್ದೆ ಬೇರೆ ದೇಶದವರಿಗೂ ತೆಗೆಸಿತು. ಸ್ವಿಟ್ಜರ್ಲೆಂಡಿನ ಬಾಸೆಲ್ ಪಟ್ಟಣದಲ್ಲಿ 1815ರಲ್ಲೇ ಶುರುವಾಗಿದ್ದ ಬಾಸೆಲ್ ಮಿಶನ್ ಅದನ್ನೇ ಕಾಯ್ತಿತ್ತು. 1834ರ ಅಕ್ಟೋಬರಿನಲ್ಲಿ ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು ಮಂಗಳೂರಿಗೆ ಬಂದಿಳಿದರು. ಮಿಶನ್ನಿನ ಹೆಸರು ಸ್ವಿಸ್, ಆದರೆ ಆಳುಗಳು ಬಹಳಷ್ಟು ಸ್ಟಟ್‌ಗಾರ್ಟಿನ ಸುತ್ತಲಿನ ವುರ್ಟೆಂಬರ್ಗ್ ಸೀಮೆಯವರು. ರೈತರು, ನೇಕಾರರು, ಹಳ್ಳಿ ಮೇಷ್ಟ್ರುಗಳ ಮಕ್ಕಳು. ಕಾಲೇಜು ಮೆಟ್ಟಿಲು ಹತ್ತಿದವರು ಕಮ್ಮಿ. ಅಂಥ ಕಮ್ಮಿಯವರಲ್ಲಿ ಒಬ್ಬ ಹೆರ್ಮನ್ ಮೋಗ್ಲಿಂಗ್. 1811ರಲ್ಲಿ ಬ್ರಾಕೆನ್‌ಹೈಮ್ ಎಂಬ ಸಣ್ಣ ಊರಲ್ಲಿ ಹುಟ್ಟಿ, ಟ್ಯೂಬಿಂಗೆನ್‌ನಲ್ಲಿ ಓದಿ, 1836ರಲ್ಲಿ ಇಂಡಿಯಾಕ್ಕೆ ಬಂದಾಗ ವಯಸ್ಸು 25. ನಾನು ಮೊದಲ ಸಲ ವೀಸಾ ಸ್ಟಾಂಪ್ ಮಾಡಿಸಿಕೊಂಡ ವಯಸ್ಸು.

ಮೋಗ್ಲಿಂಗ್ ಹೆಸರು ನಮಗೆ ಗೊತ್ತಿರೋದು ಒಂದು ಕಾರಣಕ್ಕೆ. 1843ರ ಜುಲೈ 1ರಂದು ಅವರು ತಂದ 'ಮಂಗಳೂರು ಸಮಾಚಾರ' ಕನ್ನಡದ ಮೊದಲ ಪತ್ರಿಕೆ. ಕಲ್ಲಚ್ಚಿನಲ್ಲಿ ಛಾಪಿಸಿದ ನಾಲ್ಕು ಪುಟ. ಈಗಲೂ ಜುಲೈ 1 ನಮ್ಮಲ್ಲಿ ಪತ್ರಿಕಾ ದಿನ. ಅಷ್ಟಕ್ಕೇ ನಿಲ್ಲಲಿಲ್ಲ. ತಾಳೆಗರಿಯಲ್ಲಿದ್ದ ಜೈಮಿನಿ ಭಾರತ, ಬಸವ ಪುರಾಣ, ದಾಸರ ಪದಗಳನ್ನೆಲ್ಲ ಸೇರಿಸಿ 'ಬಿಬ್ಲಿಯೊಥೆಕಾ ಕರ್ನಾಟಿಕಾ' ಅಂತ ಮಾಲೆ ಮಾಡಿ ಅಚ್ಚು ಹಾಕಿಸಿದರು. ಖರ್ಚು ಕೊಟ್ಟವರು ಕ್ಯಾಸಮೇಜರ್ ಅನ್ನೋ ನಿವೃತ್ತ ಜಡ್ಜು. ಮತ ಹೇಳಲು ಬಂದ ಪಾದ್ರಿ ಬಸವ ಪುರಾಣ ಅಚ್ಚು ಹಾಕಿಸುತ್ತಾನೆ! ಅವರ ಹಿಂದೆಯೇ 1853ರಲ್ಲಿ 21ರ ಹುಡುಗ ಕಿಟೆಲ್ ಬಂದರು. ನಿಘಂಟು ಕೈಗೆ ಬಂದದ್ದು 1894ರಲ್ಲಿ, ಸುಮಾರು 70,000 ಪದಗಳೊಂದಿಗೆ. ನಲವತ್ತೊಂದು ವರ್ಷ! ನಾವು ಎರಡು ವಾರದ ಸ್ಪ್ರಿಂಟಿಗೇ ಸುಸ್ತಾಗ್ತೀವಿ.

ಇಲ್ಲಿವರೆಗಿನದು ಶಾಲೆ ಪುಸ್ತಕದಲ್ಲೂ ಸಿಗುತ್ತೆ. ನನ್ನ ನಿದ್ದೆ ಕೆಡಿಸಿದ್ದು ಇನ್ನೊಂದು ಹೆಸರು. ಹೆರ್ಮನ್ ಆನಂದರಾವ್ ಕೌಂಡಿನ್ಯ.

ಹುಟ್ಟಿದ್ದು 1825. ಮಂಗಳೂರಿನ ಸಾರಸ್ವತ ಬ್ರಾಹ್ಮಣರ ಮನೆ. ಮಿಶನ್ನಿನ ಇಂಗ್ಲಿಷ್ ಶಾಲೆಯಲ್ಲಿ ಮೋಗ್ಲಿಂಗರ ಶಿಷ್ಯ. 1844ರ ಜನವರಿ 6ರಂದು, ಹದಿನೆಂಟು ವಯಸ್ಸಿನಲ್ಲಿ, ಇನ್ನಿಬ್ಬರು ಬ್ರಾಹ್ಮಣ ಹುಡುಗರ ಜೊತೆ ದೀಕ್ಷಾಸ್ನಾನ ಮಾಡಿಸಿಕೊಂಡ. ಗುರುವಿನ ಹೆಸರನ್ನೇ ತನ್ನ ಹೆಸರಿನ ಮುಂದೆ ಇಟ್ಟುಕೊಂಡ. ಮಂಗಳೂರಲ್ಲಿ ದೊಡ್ಡ ಗಲಾಟೆಯೇ ಆಯಿತು. ಮತ ಬಿಟ್ಟವನಿಗೆ ಜಾತಿ ಹೋಗುತ್ತೆ, ಮನೆ ಹೋಗುತ್ತೆ. ಪಿತ್ರಾರ್ಜಿತ ಆಸ್ತಿಯ ಹಕ್ಕೂ ಹೋಗುತ್ತಿದ್ದ ಕಾಲ ಅದು. ಮತ ಬದಲಿಸಿದರೂ ಆಸ್ತಿ ಹಕ್ಕು ಉಳಿಯುತ್ತೆ ಅಂತ ಇಡೀ ಬ್ರಿಟಿಷ್ ಇಂಡಿಯಾಕ್ಕೆ ಕಾಯ್ದೆ ಬಂದದ್ದು 1850ರಲ್ಲಿ. ಆನಂದರಾವ್‌ಗೆ ಚಿಕ್ಕಂದಿನಲ್ಲೇ ಮದುವೆಯಾಗಿತ್ತು. ಹೆಂಡತಿ ಲಕ್ಷ್ಮಿ ಅವನ ಜೊತೆ ಬರಲಿಲ್ಲ.

1846ರಲ್ಲಿ ಅವನು ಮೋಗ್ಲಿಂಗರ ಜೊತೆ ಯುರೋಪಿಗೆ ಹೊರಟ. ಬಾಸೆಲ್‌ನಲ್ಲಿ ಓದಿ 1851ರಲ್ಲಿ ಪಾದ್ರಿಯಾಗಿ ಮಂಗಳೂರಿಗೆ ವಾಪಸ್. ಬಾಸೆಲ್‌ನಲ್ಲಿ ಕಲಿತು ಮಿಶನರಿಯಾದ ಮೊದಲ ಭಾರತೀಯ.

ಈ ಎರಡು ಇಸವಿಗಳ ನಡುವೆ ಐದು ಚಳಿಗಾಲ ಇದೆ. ನಾನು ಇಂಜಿನಿಯರ್, ನನಗೆ ಲೆಕ್ಕವೇ ಮೊದಲು ಕಣ್ಣಿಗೆ ಬೀಳೋದು. ಐದು ಕ್ರಿಸ್‌ಮಸ್, ಐದು ದೀಪಾವಳಿ. ಸೂಯೆಜ್ ಕಾಲುವೆ ತೆರೆದದ್ದು 1869ರಲ್ಲಿ, ಅಂದರೆ ಕಾಗದ ಬರೆದು ಉತ್ತರ ಬರುವಷ್ಟರಲ್ಲಿ ಒಂದು ಬೆಳೆ ಕೊಯ್ದು ಮುಗಿದಿರುತ್ತೆ. ಮಂಗಳೂರಿನ ಸೆಕೆಯಲ್ಲಿ ಬೆಳೆದ ಹುಡುಗ ರೈನ್ ನದಿ ದಂಡೆಯ ಹಿಮದಲ್ಲಿ. ನನಗೆ ಒಂದು ರಾತ್ರಿಗೇ ಎದೆ ಭಾರ ಆಗಿತ್ತು, ಅದೂ ವಾಟ್ಸಾಪ್ ವಿಡಿಯೊದಲ್ಲಿ ಅಜ್ಜಿ ಮುಖ ನೋಡಿ. ಅವನಿಗೆ ಊರಲ್ಲಿ ಕಾಯುವ ಮನೆಯೇ ಇರಲಿಲ್ಲ.

ಇಲ್ಲಿ ಒಂದು ಮಾತು ಸ್ಪಷ್ಟ ಮಾಡಿಬಿಡ್ತೀನಿ. ಪಾದ್ರಿಗಳು ನಿಘಂಟು ಬರೆಯೋಕೆ ಬಂದವರಲ್ಲ, ನಮ್ಮನ್ನು ಬದಲಿಸೋಕೆ ಬಂದವರು. ಅದನ್ನು ಅವರೇನೂ ಮುಚ್ಚಿಡಲಿಲ್ಲ. ನಮ್ಮ ದೇವರನ್ನು ವಿಗ್ರಹ ಅಂತ ಹಳಿದರು. ಹದಿನೆಂಟರ ಹುಡುಗನ ಮನೆ ಒಡೆಯಿತಲ್ಲ, ಆ ತಾಯಿಯ ಕಡೆಯಿಂದ ನೋಡಿದರೆ ಕಲ್ಲಚ್ಚಿನ ಪತ್ರಿಕೆ ಯಾವ ಸಮಾಧಾನ? ಅದೂ ನಿಜ. ಆದರೆ ಆ ಹುಡುಗ ಮೂರ್ಖನಲ್ಲ. ಓದಿದವನು, ಏನು ಕಳಕೊಳ್ತೀನಿ ಅಂತ ಗೊತ್ತಿದ್ದು ಕಾಲಿಟ್ಟವನು. ಬಾಗಿಲು ಹಾಕಿದ್ದು ಮನೆ. ಎರಡನ್ನೂ ಒಟ್ಟಿಗೆ ಒಪ್ಪಿಕೊಳ್ಳೋದು ಕಷ್ಟ, ಆದರೆ ಒಂದನ್ನೇ ಹೇಳಿದರೆ ಅದು ಇತಿಹಾಸ ಅಲ್ಲ, ಪಾರ್ಟಿ ಪ್ರಚಾರ.

ಮಿಶನ್ನಿನ ಕಟ್ಟಳೆಗಳೂ ಕಮ್ಮಿ ಕಠಿಣ ಇರಲಿಲ್ಲ. ಹೊರಡುವಾಗ ಹುಡುಗರಿಗೆ ಮದುವೆ ಇಲ್ಲ. ಮಾಡಿಕೊಳ್ಳಬೇಕಾದರೆ ಬಾಸೆಲ್‌ನ ಕಮಿಟಿಗೆ ಅರ್ಜಿ ಹಾಕಬೇಕು. ಕಮಿಟಿ ಒಪ್ಪಿದರೆ ಹುಡುಗಿ ಹಡಗು ಹತ್ತಿ ಬರುತ್ತಾಳೆ, ಎಷ್ಟೋ ಸಲ ಗಂಡಿನ ಮುಖ ಸರಿಯಾಗಿ ನೋಡದೆ. ನಮ್ಮಜ್ಜಿಗೆ ಇದನ್ನು ಹೇಳಿದರೆ "ನಮ್ಮಂಗೇ ಅಲ್ವೇನಪ್ಪ" ಅಂದಾಳು. 1850ರ ದಶಕದಿಂದ ಮಕ್ಕಳಿಗೂ ನಿಯಮ ಬಂತು. ಸ್ಕೂಲಿಗೆ ಹೋಗುವ ವಯಸ್ಸು ಬಂದೊಡನೆ ಅಪ್ಪ-ಅಮ್ಮನನ್ನು ಬಿಟ್ಟು ಯುರೋಪಿಗೆ ವಾಪಸ್. ಅವರಿಗೆಂದೇ ಬಾಸೆಲ್‌ನಲ್ಲಿ ಒಂದು ಮಕ್ಕಳ ಮನೆ ಕಟ್ಟಿದ್ದರು. ಇಲ್ಲಿ ಹುಟ್ಟಿ ಅಲ್ಲಿಗೆ ಹೋದವರ ಪೈಕಿ ಒಬ್ಬಾಕೆ, ತಲಶ್ಶೇರಿಯಲ್ಲಿ 1842ರಲ್ಲಿ ಹುಟ್ಟಿದ ಮರೀ ಗುಂಡರ್ಟ್. ಮೋಗ್ಲಿಂಗರ ಗೆಳೆಯ, ಮಲಯಾಳಂ ನಿಘಂಟಿನ ಹೆರ್ಮನ್ ಗುಂಡರ್ಟರ ಮಗಳು. ಆಕೆಯ ಮಗನೇ ಹೆರ್ಮನ್ ಹೆಸ್ಸೆ. ನಿಮ್ಮ ಕಪಾಟಿನಲ್ಲಿ 'ಸಿದ್ಧಾರ್ಥ' ಕಾದಂಬರಿ ಇದ್ದರೆ, ಅದರ ಬೇರಿನ ಒಂದು ಎಳೆ ನಮ್ಮ ಪಶ್ಚಿಮ ಕರಾವಳಿಯಲ್ಲಿದೆ.

ಆನಂದರಾವ್ 1860ರಲ್ಲಿ ಮತ್ತೆ ಮದುವೆಯಾದರು. ಹುಡುಗಿ ಮರೀ ರೈನ್‌ಹಾರ್ಟ್, ಶೋರ್ನ್‌ಡಾರ್ಫ್ ಊರಿನವಳು.

ಶೋರ್ನ್‌ಡಾರ್ಫ್! ನಾನು ದಿನಾ ಹತ್ತುತ್ತಿದ್ದ ಲೋಕಲ್ ಟ್ರೇನಿನ ಹಣೆ ಮೇಲಿದ್ದ ಹೆಸರು ಅದು, ಕಡೇ ಸ್ಟಾಪು. ಜನವರಿ 6 ಆ ರಾಜ್ಯದಲ್ಲಿ ಸರ್ಕಾರಿ ರಜೆ, ಮೂವರು ರಾಜರ ಹಬ್ಬ ಅಂತ. 2020ರಲ್ಲಿ ಅದು ಸೋಮವಾರ ಬಿತ್ತು. ಆನಂದರಾವ್ ಮನೆ ಬಿಟ್ಟ ತಾರೀಖೂ ಅದೇ. ಟ್ರೇನ್ ಹತ್ತಿ ಹೋದೆ. ಮರದ ಚೌಕಟ್ಟಿನ ಮನೆಗಳ ಚೌಕ, ಚಳಿ, ಜನ ಇಲ್ಲ. ಮೋಟಾರು ಕಾರಿನ ಡೈಮ್ಲರ್ ಹುಟ್ಟಿದ ಮನೆ ಅಲ್ಲೇ ಇದೆ. ಡೈಮ್ಲರ್ 1834ರಲ್ಲಿ ಹುಟ್ಟಿದವನು, ಮರೀಯ ವಾರಿಗೆಯವನೇ. ಅವನು ಇಂಜಿನ್ ಕಟ್ಟಿದ. ಅದೇ ಊರಿನ ಈ ಹುಡುಗಿ ಮಂಗಳೂರಿನ ಕಂದು ಬಣ್ಣದ ಪಾದ್ರಿಯನ್ನು ಮದುವೆಯಾಗಿ ಸಮುದ್ರ ದಾಟಿದಳು. ನಾನು ಚೌಕದಲ್ಲಿ ನಿಂತು ಒಂದೇ ಯೋಚಿಸಿದೆ. 1860ರಲ್ಲಿ ಆ ಊರಿನವರೂ ಈ ಹುಡುಗಿಯನ್ನು ಹೇಗೆ ನೋಡಿರಬಹುದು? ನಾನು 2020ರಲ್ಲಿ ನನ್ನ ಅಕ್ಕನ ಹೆಸರನ್ನು ಅಪ್ಪನ ಎದುರು ಎತ್ತೋಕೆ ಹೆದರ್ತೀನಿ.

ವಾಪಸ್ ಬರುವಾಗ ಎಸ್ಲಿಂಗೆನ್ ಕಡೆ ಹೋಗುವ ಬೋರ್ಡು ನೋಡಿದೆ. ಮೋಗ್ಲಿಂಗ್ ಕೊಡಗಿಗೆ ಹೋಗಿ, ಅಲ್ಲಿ ಜೀತದಲ್ಲಿದ್ದ ದಲಿತ ಕುಟುಂಬಗಳಿಗಾಗಿ ಆನಂದಪುರ ಅನ್ನೋ ಊರು ಕಟ್ಟಿ, ಹೆಂಡತಿಯ ಕಾಯಿಲೆಯಿಂದಾಗಿ 1860ರಲ್ಲಿ ಮರಳಿದರು. 1881ರಲ್ಲಿ ತೀರಿಕೊಂಡದ್ದು ಎಸ್ಲಿಂಗೆನ್‌ನಲ್ಲಿ. ಇಪ್ಪತ್ತೈದರಲ್ಲಿ ಬಂದವರು ನಲವತ್ತೊಂಬತ್ತಕ್ಕೆ ಹೋದರು. ಊರು ಯಾವುದು ಅಂತ ಅವರನ್ನು ಕೇಳಿದ್ದರೆ ಯಾವುದು ಹೇಳುತ್ತಿದ್ದರೋ.

ಆ ರಾತ್ರಿ ಭಾವನಿಗೆ ಇದೆಲ್ಲ ಹೇಳಿದೆ. ಅವರು ಕೇಳಿದರು, "ನಿಮ್ಮ ಹಗರೆ ಮನೆಗೆ ಏನು ಮಾಡು? ಹೆಂಚಾ?" ಹೂಂ ಅಂದೆ. "ಒಂದು ಹೆಂಚು ತೆಗೆದು ಹಿಂದೆ ಏನು ಬರೆದಿದೆ ನೋಡು."

ಫೆಬ್ರವರಿಯಲ್ಲಿ ಊರಿಗೆ ಹೋದಾಗ ಕೊಟ್ಟಿಗೆ ಕಡೆಯಿಂದ ಏಣಿ ಹಾಕಿ ನೋಡಿದೆ. ಹಳೇ ಮನೆ ಕಟ್ಟುವಾಗ ತಾತ ಸಕಲೇಶಪುರದ ಕಡೆ ಕೆಡವಿದ ಬಂಗಲೆಯಿಂದ ಎತ್ತಿನ ಗಾಡಿಯಲ್ಲಿ ತಂದ ಹೆಂಚು. ಪಾಚಿ ಕೆರೆದೆ. ಇಂಗ್ಲಿಷ್ ಅಕ್ಷರ. ಬಾಸೆಲ್ ಮಿಶನ್ ಟೈಲ್ ವರ್ಕ್ಸ್, 1865. ಮತ ಬದಲಿಸಿ ಮನೆಯಿಂದ, ಕಸುಬಿನಿಂದ ಹೊರಬಿದ್ದವರಿಗೆ ಹೊಟ್ಟೆಪಾಡು ಬೇಕಲ್ಲ, ಅದಕ್ಕೇ ಮಿಶನ್ನಿನವರು ಮೊದಲು ಮಗ್ಗ ಹಾಕಿದರು, ಆಮೇಲೆ 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ. ಮೊದಲ ಮಹಾಯುದ್ಧದಲ್ಲಿ ಬ್ರಿಟಿಷರು ಜರ್ಮನರನ್ನು ಶತ್ರುಗಳೆಂದು ಹೊರಹಾಕಿ ಕಾರ್ಖಾನೆಗಳನ್ನು ಕಿತ್ತುಕೊಂಡರು. ಹೆಂಚು ಮಾತ್ರ ಉಳಿಯಿತು. ಮನೆಯಿಂದ ಹೊರಹಾಕಿಸಿಕೊಂಡವರು ತಟ್ಟಿದ ಹೆಂಚಿನ ಕೆಳಗೆ ಕೂತು ನಮ್ಮಪ್ಪ ನಮ್ಮಕ್ಕನನ್ನು ಹೊರಗೆ ಹಾಕಿದ್ದರು.

ಇದನ್ನು ಅಪ್ಪನಿಗೆ ಹೇಳಿದೆ. ಇತಿಹಾಸ ಕೇಳಿ ಮನಸ್ಸು ಬದಲಿಸುವ ಅಪ್ಪಂದಿರು ಸಿನಿಮಾದಲ್ಲಿ ಇರ್ತಾರೆ. ಅಪ್ಪ ಟವೆಲ್ ಕೊಡವಿ ತೋಟಕ್ಕೆ ಹೋದರು. ಅಜ್ಜಿ ಮಾತ್ರ ಜಗಲಿಯಲ್ಲಿ ಕೂತು ಎಲ್ಲ ಕೇಳಿಸಿಕೊಂಡು, "ಯುಗಾದಿಗೆ ಕರಿ ಅವಳನ್ನ. ನಾನಿರೋದು ಎಷ್ಟ್ ಹಬ್ಬ?" ಅಂದಳು. ಆ ಯುಗಾದಿಯ ದಿನವೇ, ಮಾರ್ಚ್ 25, ದೇಶಕ್ಕೆಲ್ಲ ಬೀಗ ಬಿತ್ತು.

ಬಂದದ್ದು ನವೆಂಬರಿನ ದೀಪಾವಳಿಗೆ. ಅಕ್ಕ ಹೊಸ್ತಿಲ ಹತ್ತಿರ ನಿಂತೇ ಇದ್ದಳು, ಅಜ್ಜಿ ಕೈ ಹಿಡಿದು ಒಳಗೆ ಎಳೆದಳು. ಅಪ್ಪ ಬೆಳಿಗ್ಗೆಯೇ ತೋಟಕ್ಕೆ ಹೋದವರು ಊಟಕ್ಕೆ ಬರಲಿಲ್ಲ. ಎಲ್ಲ ಸರಿಹೋಯ್ತು ಅಂತ ನಾನು ಬರೆಯಲ್ಲ.

ಸಾಯಂಕಾಲ ಬಂದರು. ಕಾಲು ತೊಳೆದು ಜಗಲಿ ಮೇಲೆ ಕೂತರು. ಭಾವ ಎದ್ದು ನಿಂತರು. ಸುಮಾರು ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಅಪ್ಪ ಮಾಡಿನ ಕಡೆ ನೋಡುತ್ತಲೇ ಕೇಳಿದರು, "ಅದೇನೋ ಹೆಂಚು ನಿಮ್ಮೂರಿಂದಂತೆ. ಈ ಮಳೇಲಿ ನಾಲ್ಕು ಒಡೆದವೆ. ಈಗಲೂ ಸಿಗ್ತಾವೇನ್ರೀ?"