ಮಾಡು ಇಲ್ಲವೇ ಮಡಿ: ಕೇರಿಗೆ ಕೇಳಿಸಿದ್ದು ಯಾವಾಗ?

ಆಗಸ್ಟ್ 15ರಂದು ಉಬ್ರಾಣಿ ಹೋಬಳಿಯ ಯಾವುದಾದರೂ ಶಾಲೆಯ ಮುಂದೆ ಹೋಗಿ ನಿಂತು ನೋಡಿ. ಬಾವುಟ ಏರಿಸಿದ ಮೇಲೆ ಮೇಷ್ಟ್ರು ಈಸೂರಿನ ಕತೆ ಹೇಳ್ತಾರೆ. ನಾವೂ ಬಿಸಿಲಲ್ಲಿ ನಿಂತು, ಕೊನೆಗೆ ಕೊಡುವ ಪೆಪ್ಪರಮೆಂಟಿನ ಆಸೆಗೆ ಅದನ್ನ ಕೇಳಿದವರೇ. 'ನಮ್ಮ ಜಿಲ್ಲೆಯ ಊರು' ಅಂತಲೇ ಮೇಷ್ಟ್ರು ಶುರು ಮಾಡೋರು. ನಾವು ಹುಟ್ಟೋ ಹೊತ್ತಿಗೆ ಚನ್ನಗಿರಿ ತಾಲ್ಲೂಕು ದಾವಣಗೆರೆ ಜಿಲ್ಲೆಗೆ ಸೇರಿಹೋಗಿತ್ತು. ಆದರೆ 1997ರ ತನಕ ನಾವೂ ಈಸೂರಿನೋರೂ ಶಿವಮೊಗ್ಗ ಜಿಲ್ಲೆಯವರೇ. ಮೇಷ್ಟ್ರ ಮಾತು ತಪ್ಪಲ್ಲ.

ಒಂದು ವರ್ಷ ಶಾಲೆಯಿಂದ ಬಂದವರೇ ಅಜ್ಜಿಯನ್ನ ಕೇಳಿದೆವು: "ಅಜ್ಜೀ, ಗಾಂಧಿ ಮಾಡು ಇಲ್ಲವೇ ಮಡಿ ಅಂದಾಗ ನಮ್ಮ ಕೇರಿಯೋರು ಏನು ಮಾಡಿದ್ರು?" ಅಜ್ಜಿ ಮೊರದಲ್ಲಿ ರಾಗಿ ಕೇರ್ತಾ ಇದ್ದಳು. ಆ ಮಾತು ಹುಟ್ಟಿದಾಗ ಅವಳಿಗೆ ಏಳೋ ಎಂಟೋ ವರ್ಷ. ಮೊರ ನಿಲ್ಲಿಸದೆ ಹೇಳಿದಳು: "ಏನ್ ಮಾಡ್ತಾರ ಮಗಾ. ಮಾಡೋದು, ಮಡಿಯೋದು ಎರಡೂ ನಮಗೆ ದಿನಾ ಇತ್ತಲ್ಲ."

ಆವತ್ತು ನಕ್ಕುಬಿಟ್ಟೆವು. ಕಾಲೇಜು ಮೆಟ್ಟಿಲು ಹತ್ತಿ ಇತಿಹಾಸದ ಪುಸ್ತಕ ಕೈಗೆ ಬಂದ ಮೇಲೆ ಆ ನಗು ಗಂಟಲಲ್ಲೇ ನಿಂತಿತು. ಒಂದು ಭಾಷಣಕ್ಕೆ 'ಇಡೀ ಜನ' ಎದ್ದುನಿಂತರು ಅಂತ ಬರೆದಿರುತ್ತಾರಲ್ಲ, ಆ ಇಡೀ ಜನದಲ್ಲಿ ಅಜ್ಜಿ ಎಲ್ಲಿದ್ದಳು?

ಮೊದಲು ಭಾಷಣದ ವಿಚಾರ. ಆ ಮಾತು ಆಡಿದಾಗ ಗಾಂಧಿ ಕಾಂಗ್ರೆಸ್ಸಿನ ಅಧ್ಯಕ್ಷರಲ್ಲ, ಮಾಜಿ ಅಧ್ಯಕ್ಷರು. ಅವರು ಅಧ್ಯಕ್ಷತೆ ವಹಿಸಿದ್ದು ಒಂದೇ ಅಧಿವೇಶನಕ್ಕೆ, ಅದೂ ನಮ್ಮ ನೆಲದಲ್ಲೇ, 1924ರ ಡಿಸೆಂಬರಿನಲ್ಲಿ ಬೆಳಗಾವಿಯಲ್ಲಿ. 1934ರಲ್ಲಿ ಪಕ್ಷದ ಸದಸ್ಯತ್ವವನ್ನೂ ಬಿಟ್ಟಿದ್ದರು. 1942ರಲ್ಲಿ ಅಧ್ಯಕ್ಷ ಪೀಠದಲ್ಲಿ ಕೂತಿದ್ದವರು ಮೌಲಾನಾ ಆಜಾದ್. ಆಗಸ್ಟ್ 7 ಮತ್ತು 8ರಂದು ಮುಂಬಯಿಯ ಗೊವಾಲಿಯಾ ಟ್ಯಾಂಕ್ ಮೈದಾನದಲ್ಲಿ ಅಖಿಲ ಭಾರತ ಕಾಂಗ್ರೆಸ್ ಸಮಿತಿ ಸೇರಿತು. ಬ್ರಿಟಿಷರು ತೊಲಗಬೇಕು ಎಂಬ ನಿರ್ಣಯವನ್ನು ನೆಹರೂ ಮಂಡಿಸಿದರು, ಪಟೇಲರು ಅನುಮೋದಿಸಿದರು. 13 ಜನ ವಿರೋಧಿಸಿದರು. ನಿರ್ಣಯ ಪಾಸಾದ ಮೇಲೆ ಗಾಂಧಿ ಎದ್ದರು. ಹಿಂದೂಸ್ತಾನಿಯಲ್ಲಿ ಮಾತಾಡಿ, ಆಮೇಲೆ ಇಂಗ್ಲಿಷಿನಲ್ಲೂ ಮಾತಾಡಿದರು. ಸೋತ ಆ 13 ಜನರನ್ನ ಅಭಿನಂದಿಸಿಯೇ ಮುಂದಿನ ಮಾತಿಗೆ ಹೋದರು. ಇದು ದೊಡ್ಡತನ, ಒಪ್ಪಬೇಕು. ಇವತ್ತಿನ ಪಕ್ಷಗಳಲ್ಲಿ ಸೋತವನನ್ನ ಮೊದಲು ಹೊರಗೆ ಹಾಕ್ತಾರೆ.

ಅದೇ ಭಾಷಣದಲ್ಲಿ ಐದು ಗುಂಪುಗಳಿಗೆ ಬೇರೆ ಬೇರೆ ಸೂಚನೆ ಇತ್ತು. ಪತ್ರಕರ್ತರು ಸರ್ಕಾರದ ಕಟ್ಟುಪಾಡಿಗೆ ಬಗ್ಗಬಾರದು. ರಾಜರು ಪ್ರಜೆಗಳ ಸೇವಕರಾಗಬೇಕು. ಸರ್ಕಾರಿ ನೌಕರರು ಈಗಲೇ ರಾಜೀನಾಮೆ ಕೊಡಬೇಕಿಲ್ಲ, ಆದರೆ ತಾವು ಕಾಂಗ್ರೆಸ್ ಕಡೆ ಅಂತ ತಿಳಿಸಬೇಕು. ಸೈನಿಕರು ನಮ್ಮ ಜನರ ಮೇಲೆ ಗುಂಡು ಹಾರಿಸೋಲ್ಲ ಅನ್ನಬೇಕು. ವಿದ್ಯಾರ್ಥಿಗಳು ಓದು ಬಿಡೋಕೆ ತಯಾರಿರಬೇಕು.

ಗೆಳೆಯರೇ, ಬೆರಳು ಮಡಿಸಿ ಎಣಿಸಿ. ಪತ್ರಕರ್ತ, ರಾಜ, ನೌಕರ, ಸೈನಿಕ, ವಿದ್ಯಾರ್ಥಿ. ಉಬ್ರಾಣಿ ಕಡೆಯ ಒಂದು ಸಣ್ಣ ಊರಿನ ಕೇರಿಯಲ್ಲಿ, ನಮ್ಮ ಕೇರಿಯಲ್ಲಿ, 1942ರಲ್ಲಿ ಇವರಲ್ಲಿ ಯಾರಿದ್ದರು? ಓದು ಬಿಡಬೇಕಾದರೆ ಮೊದಲು ಶಾಲೆಗೆ ಸೇರಿರಬೇಕು. ನಮ್ಮ ಮನೆಯಲ್ಲಿ ಪದವಿ ಕಾಗದ ಹಿಡಿದವರು ನಾವೇ ಮೊದಲು.

ಹಾಗೆ ನೋಡಿದರೆ ಒಬ್ಬ ಸರ್ಕಾರಿ ನೌಕರ ಇದ್ದ. ನಮ್ಮ ಮುತ್ತಜ್ಜ ಊರಿನ ತೋಟಿ. ಮೈಸೂರು ಸಂಸ್ಥಾನದಲ್ಲಿ ಪಟೇಲ, ಶಾನುಭೋಗರಿಂದ ಹಿಡಿದು ತಳವಾರ, ತೋಟಿ, ನೀರಗಂಟಿಯವರೆಗೆ ಎಲ್ಲ ಗ್ರಾಮದ ಹುದ್ದೆಗಳೇ. ಆದರೆ ಪಟೇಲನ ಹುದ್ದೆಗೂ ತೋಟಿಯ ಹುದ್ದೆಗೂ ನಡುವೆ ಒಂದು ಊರಷ್ಟು ದೂರ. ಡಂಗುರ ಸಾರಬೇಕು, ಅಮಲ್ದಾರ ಬಂದರೆ ಗಂಟುಮೂಟೆ ಹೊರಬೇಕು, ಕಣ ಕಾಯಬೇಕು, ಸಾವಿನ ಸುದ್ದಿ ಹೊತ್ತು ನೆಂಟರೂರಿಗೆ ಓಡಬೇಕು, ಸತ್ತ ದನ ಎಳೆಯಬೇಕು. ಇದಕ್ಕೆಲ್ಲ ಸಂಬಳ ಅಂದರೆ ಒಂದು ತುಂಡು ಇನಾಮು ಭೂಮಿ, ಸುಗ್ಗಿಯಲ್ಲಿ ಕಣದ ಅಂಚಿಗೆ ನಿಂತು ಸೆರಗೊಡ್ಡಿದರೆ ಸಿಗುವ ಆಯ. ಈಗಲೇ ರಾಜೀನಾಮೆ ಬೇಡ ಅಂದರಂತೆ ಗಾಂಧಿ. ನಮ್ಮ ಮುತ್ತಜ್ಜನಿಗೆ ರಾಜೀನಾಮೆ ಅನ್ನೋದೊಂದು ಇದೆ ಅಂತಲೇ ಗೊತ್ತಿರಲಿಲ್ಲ. ಹೊಕ್ಕುಳಬಳ್ಳಿ ಜೊತೆ ಬಂದ ನೌಕರಿ ಅದು.

ಮಾರನೇ ದಿನ, ಆಗಸ್ಟ್ 9ರ ನಸುಕಿನಲ್ಲೇ ಗಾಂಧಿಯೂ ಉಳಿದ ಮುಖಂಡರೂ ಜೈಲಿಗೆ ಹೋದರು. ಪತ್ರಿಕೆಗಳ ಬಾಯಿಗೆ ಬೀಗ ಬಿತ್ತು. ಆ ಭಾಷಣ ಪೂರಾ ಓದಿದವರು ಆಗ ಬಹಳ ಕಮ್ಮಿ. ಹಳ್ಳಿಗಳಿಗೆ ಬಂದದ್ದು ಭಾಷಣವಲ್ಲ, ಅದರ ಚೂರು. ಬೀರೂರು–ಶಿವಮೊಗ್ಗ ರೈಲಿನಲ್ಲಿ ಬಂತು, ರಜೆಗೆ ಊರಿಗೆ ಬಂದ ಹುಡುಗರ ಬಾಯಲ್ಲಿ ಬಂತು, ಸಂತೆಯಲ್ಲಿ ಬಂತು, ಗುಟ್ಟಾಗಿ ಹಂಚಿದ ಕರಪತ್ರದಲ್ಲಿ ಬಂತು. ಚೂರಾಗಿ ಬಂದಿದ್ದರಿಂದಲೇ ಅದಕ್ಕೆ ಅಷ್ಟು ಶಕ್ತಿ. ಮುಖಂಡರು ಒಳಗೆ ಹೋದರೆ ಪ್ರತಿಯೊಬ್ಬರೂ ತಾವೇ ತೀರ್ಮಾನ ಮಾಡಿ ನಡೆಯಬೇಕು ಅಂತ ಮುಂಬಯಿಯ ನಿರ್ಣಯ ಹೇಳಿತ್ತು. ಅಹಿಂಸೆಯ ಮೇರೆಯೊಳಗೆ ಅಂತಲೂ ಹೇಳಿತ್ತು. ಮೊದಲನೆಯ ಮಾತು ಎಲ್ಲ ಕಡೆ ಮುಟ್ಟಿತು, ಎರಡನೆಯದು ಕೆಲವು ಕಡೆ ದಾರಿಯಲ್ಲೇ ಉದುರಿತು. ಬೆಂಗಳೂರಲ್ಲಿ ವಿದ್ಯಾರ್ಥಿಗಳು, ಕಾರ್ಖಾನೆ ಕೆಲಸಗಾರರು ಬೀದಿಗೆ ಇಳಿದರು. ದಾವಣಗೆರೆಯಲ್ಲಿ ಪೊಲೀಸರ ಗುಂಡಿಗೆ ಜನ ಸತ್ತರು.

ಈಸೂರಲ್ಲಿ ಆದದ್ದು ಇನ್ನೊಂದು ಥರ. ಹೊನ್ನಾಳಿಯ ಪಕ್ಕದ ಶಿಕಾರಿಪುರ ತಾಲ್ಲೂಕಿನ ಊರು ಅದು. ಯುದ್ಧದ ಕಾಲ, ಸಾಮಾನಿಗೆ ಬೆಲೆ ಏರಿತ್ತು, ಕಂದಾಯ ಮಾತ್ರ ತಪ್ಪೋ ಹಾಗಿರಲಿಲ್ಲ. ಸೆಪ್ಟೆಂಬರಿನಲ್ಲಿ ಊರಿನವರು ಕಂದಾಯ ಕೊಡೋಲ್ಲ ಅಂದರು. ಪಟೇಲ, ಶಾನುಭೋಗರ ಲೆಕ್ಕದ ಪುಸ್ತಕ ಕಿತ್ತುಕೊಂಡರು. ಬೇಜವಾಬ್ದಾರಿ ಸರ್ಕಾರದ ಅಧಿಕಾರಿಗಳಿಗೆ ಒಳಗೆ ಪ್ರವೇಶವಿಲ್ಲ ಅಂತ ಊರಬಾಗಿಲಿಗೆ ಬೋರ್ಡು ಹಾಕಿದರು. ವೀರಭದ್ರೇಶ್ವರ ಗುಡಿಯ ಮೇಲೆ ಬಾವುಟ ಕಟ್ಟಿದರು. ತಮ್ಮದೇ ಸರ್ಕಾರ ಅಂತ ಸಾರಿ, ಹುಡುಗರಲ್ಲೇ ಒಬ್ಬನನ್ನ ಅಮಲ್ದಾರ, ಇನ್ನೊಬ್ಬನನ್ನ ಸಬ್ ಇನ್ಸ್‌ಪೆಕ್ಟರ್ ಮಾಡಿದರು. ಮೀಸೆ ಬರದ ಹುಡುಗ ಅಮಲ್ದಾರ! ನಮಗೆ ಈ ಇಡೀ ಕತೆಯಲ್ಲಿ ಬಹಳ ಹಿಡಿಸಿದ್ದು ಇದೇ. ಕುರ್ಚಿ ಅನ್ನೋದು ಎಷ್ಟು ಹಗುರ ಅನ್ನೋದನ್ನ ಒಂದು ಹಳ್ಳಿ ಆಟ ಆಡಿ ತೋರಿಸಿತು.

ಸೆಪ್ಟೆಂಬರಿನ ಕೊನೆಯ ವಾರ ನಿಜವಾದ ಅಮಲ್ದಾರರು, ಸಬ್ ಇನ್ಸ್‌ಪೆಕ್ಟರು, ಪೊಲೀಸರ ಸಮೇತ ಬಂದರು. ಗಾಂಧಿ ಟೋಪಿ ಹಾಕಿಕೊಳ್ಳಿ ಅಂದರು ಜನ. ಮಾತಿಗೆ ಮಾತು ಬೆಳೆಯಿತು, ಲಾಠಿ, ಗುಂಡು, ಕೊನೆಗೆ ಇಬ್ಬರು ಅಧಿಕಾರಿಗಳೂ ಗುಂಪಿನ ಕೈಯಲ್ಲಿ ಸತ್ತರು. ಅವರೂ ಕನ್ನಡದ ಮಕ್ಕಳೇ, ಅವರ ಮನೆಯಲ್ಲೂ ದೀಪ ಆರಿತು. ಆಮೇಲೆ ಪೊಲೀಸರೂ ಸೈನ್ಯವೂ ಊರಿಗೆ ನುಗ್ಗಿ, ಮನೆಗಳನ್ನ ಲೂಟಿ ಮಾಡಿ, ಸುಟ್ಟು, ಜನ ಕಾಡು ಸೇರಿದರು. 1943ರ ಮಾರ್ಚ್ 8, 9, 10ರಂದು ಬೆಂಗಳೂರಿನ ಸೆಂಟ್ರಲ್ ಜೈಲಿನಲ್ಲಿ ಐದು ಜನರನ್ನ ಗಲ್ಲಿಗೆ ಹಾಕಿದರು: ಗುರಪ್ಪ, ಮಲ್ಲಪ್ಪ, ಸೂರ್ಯನಾರಾಯಣಾಚಾರ್, ಹಾಲಪ್ಪ, ಶಂಕರಪ್ಪ. ಹಾಲಮ್ಮ, ಪಾರ್ವತಮ್ಮ, ಸಿದ್ದಮ್ಮ ಎಂಬ ಹೆಣ್ಣುಮಕ್ಕಳಿಗೂ ಜೀವಾವಧಿ ಶಿಕ್ಷೆ ಆಯಿತು. ಗಲ್ಲಿಗೆ ಹಾಕಿದ್ದು ಲಂಡನ್ನಿನ ರಾಜ ಅಲ್ಲ, ನಮ್ಮ ಮೈಸೂರು ಸಂಸ್ಥಾನ. ಪ್ರಜೆಗಳ ಸೇವಕರಾಗಿ ಅಂತ ಗಾಂಧಿ ರಾಜರಿಗೆ ಹೇಳಿ ಆಗ ಏಳು ತಿಂಗಳು. ಅರಮನೆಯಿಂದ ಬಂದ ಉತ್ತರ ಇದು.

ಈ ಐದು ಹೆಸರನ್ನ ನಾವು ಗೌರವದಿಂದಲೇ ಬರೆಯುತ್ತೇವೆ. ಪ್ರಾಣ ಕೊಟ್ಟವರ ಲೆಕ್ಕ ತೆಗೆಯೋ ಯೋಗ್ಯತೆ ಭಾಷಣ ಬರೆಯುವ ನಮಗಿಲ್ಲ. ಆದರೆ 'ಏಸೂರು ಕೊಟ್ಟರೂ ಈಸೂರು ಕೊಡೆವು' ಅನ್ನೋ ಮಾತು ಕೇಳಿದಾಗೆಲ್ಲ ನಮ್ಮ ಕಿವಿ 'ಊರು' ಅನ್ನೋ ಶಬ್ದದ ಹತ್ತಿರ ನಿಲ್ಲುತ್ತದೆ. ಕನ್ನಡದಲ್ಲಿ ಊರು ಬೇರೆ, ಕೇರಿ ಬೇರೆ. ಊರಬಾಗಿಲು ಅಂದರೆ ಅದರ ಹೊರಗೆ ಯಾರೋ ಇದ್ದಾರೆ ಅಂತಲೇ ಅರ್ಥ. ಈ ಮಾತು ಈಸೂರಿಗೆ ಮಾತ್ರ ಹೇಳುತ್ತಿಲ್ಲ, ಆ ವರ್ಷ ಬಾವುಟ ಹಿಡಿದ ಎಲ್ಲ ಊರಿಗೂ ಸೇರಿಸಿ ಹೇಳುತ್ತಿದ್ದೇವೆ. ಊರು ಸ್ವತಂತ್ರ ಆಯಿತು ಅಂತ ಸಾರೋಕೂ ಡಂಗುರ ಬೇಕು. ಡಂಗುರ ಹೊಡೆಯುವವನು ತೋಟಿ. ಆ ಊರನ್ನ ಹಿಡಿಯೋಕೆ ಅಮಲ್ದಾರ ಬಂದರೆ ಅವನ ಗಂಟು ಹೊರುವವನೂ ತೋಟಿ. ಎರಡು ಸರ್ಕಾರಕ್ಕೂ ಒಬ್ಬನೇ ಆಳು. ಯಾರು ಗೆದ್ದರೂ ಮಾರನೇ ದಿನ ಸತ್ತ ದನ ಎಳೆಯೋಕೆ ಅವನನ್ನೇ ಕೂಗ್ತಾರೆ. ಅಂಥವನು ಬಾಯಿ ಮುಚ್ಚಿಕೊಂಡು ನಿಂತರೆ ಅದನ್ನ ಹೇಡಿತನ ಅಂತ ಬರೆಯಬೇಡಿ, ದೇಶದ್ರೋಹ ಅಂತಲೂ ಬರೆಯಬೇಡಿ. ಅದೂ ಆ ಭಾಷಣಕ್ಕೆ ಬಂದ ಪ್ರತಿಕ್ರಿಯೆಯೇ.

ಆ ವರ್ಷ ಇನ್ನೊಂದು ಅಧಿವೇಶನ ನಡೆದಿತ್ತು ಅಂತ ನಮಗೆ ಯಾವ ಆಗಸ್ಟ್ 15ರಂದೂ ಯಾರೂ ಹೇಳಲಿಲ್ಲ. ಮುಂಬಯಿಗಿಂತ ಮೂರು ವಾರ ಮೊದಲು, ಜುಲೈ 18 ಮತ್ತು 19ರಂದು, ನಾಗಪುರದಲ್ಲಿ ಎನ್. ಶಿವರಾಜ್ ಅಧ್ಯಕ್ಷತೆಯಲ್ಲಿ ಅಖಿಲ ಭಾರತ ದಮನಿತ ವರ್ಗಗಳ ಸಮ್ಮೇಳನ ಸೇರಿತು. ಬಾಬಾಸಾಹೇಬರು ಮಾತಾಡಿದರು. ಪರಿಶಿಷ್ಟ ಜಾತಿಗಳ ಒಕ್ಕೂಟ ಹುಟ್ಟಿದ್ದು ಅಲ್ಲೇ. ಅದರ ಬೆನ್ನಿಗೇ ಹೆಣ್ಣುಮಕ್ಕಳದೇ ಬೇರೆ ಸಮ್ಮೇಳನ ನಡೆಯಿತು, ಸಾವಿರಾರು ಹೆಣ್ಣುಮಕ್ಕಳು ಬಂದಿದ್ದರು. ಮುಂಬಯಿಯ ಮಾತು ಉಬ್ರಾಣಿ ಸೀಮೆಗೆ ಬಂತು, ನಾಗಪುರದ ಮಾತು ಬರಲಿಲ್ಲ. ನಾಗಪುರಕ್ಕೇನು ರೈಲು ಇರಲಿಲ್ಲವಾ? ಇತ್ತು. ಹೊತ್ತು ತರೋಕೆ ಪತ್ರಿಕೆ ಇರಲಿಲ್ಲ, ಕಾಲೇಜು ಹುಡುಗ ಇರಲಿಲ್ಲ, ಖಾದಿ ಹಾಕಿದ ಸಾಹುಕಾರ ಇರಲಿಲ್ಲ. ಮಾತು ತನ್ನಷ್ಟಕ್ಕೆ ನಡೆದು ಬರೋದಿಲ್ಲ.

ಅಂಬೇಡ್ಕರ್ ಅದೇ ಜುಲೈಯಲ್ಲಿ ವೈಸರಾಯ್ ಮಂಡಳಿಯಲ್ಲಿ ಕಾರ್ಮಿಕ ಸದಸ್ಯರಾದರು. ಆಗಸ್ಟ್ 7ರಂದು, ಮುಂಬಯಿಯಲ್ಲಿ ಕಾಂಗ್ರೆಸ್ ಸಮಿತಿ ಸೇರಿದ ಅದೇ ದಿನ, ಅವರು ದೆಹಲಿಯಲ್ಲಿ ಕೆಲಸಗಾರರು, ಮಾಲೀಕರು, ಸರ್ಕಾರ ಮೂವರನ್ನೂ ಒಂದೇ ಮೇಜಿನ ಸುತ್ತ ಕೂರಿಸಿದ ಸಮ್ಮೇಳನದ ಅಧ್ಯಕ್ಷತೆ ವಹಿಸಿದ್ದರು. ಕ್ವಿಟ್ ಇಂಡಿಯಾವನ್ನ ಅವರು ಕಟುವಾಗಿ ಟೀಕಿಸಿದರು. ಅದಕ್ಕೇ ಇವತ್ತಿಗೂ ಅವರಿಗೆ ಬ್ರಿಟಿಷರ ಏಜೆಂಟ್ ಅನ್ನೋ ಬೈಗುಳ ತಪ್ಪಿಲ್ಲ. 1932ರ ಪೂನಾ ಒಪ್ಪಂದದಲ್ಲಿ ಪ್ರತ್ಯೇಕ ಮತದಾನ ಕೈಬಿಟ್ಟವರು ಹತ್ತೇ ವರ್ಷದಲ್ಲಿ ಮತ್ತೆ ಬರೀ ನಂಬಿಕೆಯ ಮೇಲೆ ಸಹಿ ಹಾಕಬೇಕಿತ್ತಾ? ಅಧಿಕಾರ ಬಿಟ್ಟು ಹೋಗುವವನು ಅದನ್ನ ಯಾರ ಕೈಗೆ ಕೊಟ್ಟು ಹೋಗ್ತಾನೆ ಅಂತ ಕೇಳೋದು ದ್ರೋಹವಾ? ಈಸೂರಿನ ಐವರು ಗಲ್ಲಿಗೇರಿದ 1943ರಲ್ಲೇ, ಆಗಸ್ಟಿನಲ್ಲಿ, ಕೇಂದ್ರ ಸರ್ಕಾರದ ನೌಕರಿಗಳಲ್ಲಿ ಪರಿಶಿಷ್ಟ ಜಾತಿಗಳಿಗೆ ನೂರಕ್ಕೆ ಎಂಟೂ ಚಿಲ್ಲರೆ ಮೀಸಲಾತಿ ಬಂತು. ಅದರ ಹಿಂದೆ ಅಂಬೇಡ್ಕರ್ ಪಟ್ಟು ಇತ್ತು. ನಮ್ಮಂಥವರಿಗೆ ಎರಡೂ ಬೇಕು, ಆ ಗಲ್ಲೂ ಈ ಆದೇಶವೂ. ಒಂದನ್ನ ಮಾತ್ರ ಪಾಠದಲ್ಲಿ ಇಟ್ಟವರ ಮೇಲೆ ನಮ್ಮ ತಕರಾರು.

1947ರಲ್ಲಿ ಬಾವುಟ ಬದಲಾಯಿತು. 1951ರಲ್ಲಿ ಇದೇ ಶಿವಮೊಗ್ಗ ಜಿಲ್ಲೆಯ ಕಾಗೋಡಿನಲ್ಲಿ ಗೇಣಿದಾರರು ಕೊಳಗದ ಮೋಸಕ್ಕೆ ಎದುರು ನಿಂತು ಜೈಲಿಗೆ ಹೋದರು. ಈ ಸಲ ಜೈಲಿಗೆ ಕಳಿಸಿದ್ದು ಗಾಂಧಿ ಟೋಪಿಯ ಸರ್ಕಾರ. ನಮ್ಮ ಊರಿನಲ್ಲಿ ತೋಟಿಕೆ ಮುತ್ತಜ್ಜನಿಂದ ಅಜ್ಜನಿಗೆ ಬಂತು. ತಮಟೆಯೂ ಜೊತೆಗೇ ಬಂತು. ಗ್ರಾಮದ ವಂಶಪಾರಂಪರ್ಯ ಹುದ್ದೆಗಳನ್ನ ರದ್ದು ಮಾಡುವ ಕಾಯ್ದೆ ಆದದ್ದು 1961ರಲ್ಲಿ, ಜಾರಿಗೆ ಬಂದದ್ದು 1963ರಲ್ಲಿ.

ಹೋದ ಸುಗ್ಗಿಯಲ್ಲಿ ಅಜ್ಜಿಯನ್ನ ಮತ್ತೆ ಕೇಳಿದೆವು. ಈ ಸಲ ಗಾಂಧಿಯ ಹೆಸರು ಎತ್ತಲಿಲ್ಲ. ತೋಟಿಕೆ ಹೋದಾಗ ಕೇರಿಯಲ್ಲಿ ಏನಾಯ್ತು ಅಂತ ಮಾತ್ರ ಕೇಳಿದೆವು. ತೊಂಬತ್ತು ದಾಟಿದ ಜೀವ, ಗೋಡೆಗೆ ಒರಗಿ ಕೂತು ಹೇಳಿದಳು:

"ಶಾನುಭೋಗ್ರು ಇನ್ಮೇಲೆ ಕಾನೂನಿಲ್ಲ ಅಂದ್ರಂತೆ. ನಿಮ್ಮಜ್ಜಗೆ ಅದು ಸರಿ ಅರ್ಥ ಆಗಲಿಲ್ಲ. ಒಂದಿನ ಊರೊಳಗೆ ಯಾರ್ದೋ ಎಮ್ಮೆ ಸತ್ತಿತ್ತು. ಕರೆಯಾಕೆ ಬಂದ್ರು. ನಿಮ್ಮಜ್ಜ ಒಳಗೆ ಕೂತಿದ್ರು, ಎದ್ದು ಬರಲಿಲ್ಲ. ಮೈ ಹುಷಾರಿಲ್ಲೇನು ಅಂತ ಕೇಳಿದ್ರು ಅವರು. ಹುಷಾರಾಗಿದೀನಿ, ಬರಲ್ಲ ಅಂದ್ರು. ಅಷ್ಟೇ ಅಂದಿದ್ದು ಮಗಾ. ನನಗೆ ಕೈಕಾಲು ನಡುಗಿತು."

"ಆಮೇಲೆ?"

"ಆಮೇಲೇನು, ಆ ವರ್ಷ ಕಣದಾಗೆ ಆಯ ಕೊಡಲಿಲ್ಲ. ಕೂಲಿಗೂ ಕರೀಲಿಲ್ಲ. ನಿಮ್ಮಜ್ಜ ಭದ್ರಾವತಿ ಕಡೆ ಕೆಲಸ ಹುಡುಕ್ಕೊಂಡು ಹೋದ್ರು, ನಾನು ಮಕ್ಕಳು ಕಟ್ಕೊಂಡು ಸೌದೆ ಮಾರಿದೆ. ತಮಟೆ ಅಟ್ಟದ ಮೇಲೆ ಇಟ್ಟು ಹೋಗಿದ್ರು. ಅದರ ತೊಗಲು ಇಲಿ ತಿಂತು. ತಿನ್ಲಿ ಅಂತ ಸುಮ್ಮನಿದ್ದೆ."